ತಿಲಗವತಿ ಅತ್ತೆಯ ಬ್ರೆಡ್ಡು

ನಮ್ಮ ಮನೆಯಲ್ಲಿ ಬ್ರೆಡ್ಡು ಅಂದರೆ ತಿಂಡಿಯಲ್ಲ, ಕೆಟ್ಟ ಸುದ್ದಿ. ಜ್ವರ ಬಂದವರಿಗೆ ಬ್ರೆಡ್ಡು, ಆಸ್ಪತ್ರೆಯಿಂದ ಬಂದವರಿಗೆ ಬ್ರೆಡ್ಡು, ಇನ್ನೇನು ಹೋಗುತ್ತಾರೆ ಅನ್ನುವವರಿಗೆ ಹಾಲಲ್ಲಿ ನೆನೆಸಿದ ಬ್ರೆಡ್ಡು. ಮೈಯಲ್ಲಿ ಕಸುವಿರುವ ಯಾರಾದರೂ ಅದನ್ನು ಬಾಯಿಗೆ ಹಾಕಿಕೊಂಡಿದ್ದನ್ನು ನಾನು ಚಿಕ್ಕವಳಾಗಿದ್ದಾಗ ನೋಡಿಯೇ ಇಲ್ಲ. ನಮ್ಮಪ್ಪ ಕಾಳಿಮುತ್ತು ಅಂತೂ ಬೇಕರಿಯ ಮುಂದೆ ಹಾದು ಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದರು.

ನಾವು ಕಂಬಂ ಕಣಿವೆಯ ಕನ್ನಡದ ಮಂದಿ. ಯಾವ ಕಾಲದಲ್ಲಿ ಬಂದು ಸೇರಿದೆವೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ, ನನ್ನ ಗಂಡನ ಹತ್ತಿರ. ಇದರಲ್ಲಿ ತಪ್ಪು ಕಂಡರೆ ಆ ಮೇಷ್ಟರನ್ನು ಕೇಳಿ, ನನ್ನನ್ನಲ್ಲ.

ತಿಲಗವತಿ ಅತ್ತೆ ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡಳು. ತವರಿನಲ್ಲಿ ಮೂಲೆ ಹಿಡಿದು ಕೂರುವ ಜಾತಿಯವಳಲ್ಲ. ಯಾರೋ ಹೇಳಿದರು ಅಂತ ಕೊಡೈಕಾನಲ್‌ನ ಒಂದು ವಸತಿ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೊರಟಳು. ಆಗಿನ್ನೂ ಮೀಸೆ ಮೂಡದ ಅಪ್ಪನೇ ಅವಳನ್ನು ಬಸ್ಸು ಹತ್ತಿಸಿದ್ದು. ಹತ್ತಿಸುವಾಗ ಅಜ್ಜಿ ಕಡೆದ ಬೆಣ್ಣೆಯ ಉಂಡೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಅಪ್ಪನೇ ಅವಳ ಕೈಗಿಟ್ಟರಂತೆ. ಆ ಬೆಣ್ಣೆ ತೇನಿ ದಾಟುವಷ್ಟರಲ್ಲಿ ಕರಗಿ ಮಡಿಲೆಲ್ಲ ಆಯಿತಂತೆ, ಪೆರಿಯಕುಳಂ ಹೊತ್ತಿಗೆ ಪಕ್ಕದ ಸೀಟಿನವರು ಎದ್ದು ಹೋದರಂತೆ, ಘಾಟಿ ಏರಿದ ಮೇಲೆ ಚಳಿಗೆ ಸೀರೆಯ ಮೇಲೇ ಮತ್ತೆ ಗಟ್ಟಿಯಾಯಿತಂತೆ. ಅತ್ತೆ ಇದನ್ನು ಹೇಳುವಾಗಲೆಲ್ಲ ನಗುತ್ತಿದ್ದಳು. ಸೀರೆಯಿಂದ ಕೆರೆದುಕೊಂಡೇ ತಿಂದೆ ಎಂಬ ಮಾತನ್ನು ಮಾತ್ರ ಮೆಲ್ಲಗೆ ಹೇಳುತ್ತಿದ್ದಳು.

ಅಲ್ಲಿ ಅವಳ ಕೆಲಸ ಬೆಳಗಿನ ಟೋಸ್ಟು. ದೊಡ್ಡ ಕಾವಲಿಯ ಮೇಲೆ ಬ್ರೆಡ್ಡು ಸುಡುವುದು, ಅದರ ಮೇಲೆ ಏನಾದರೂ ಸವರುವುದು, ಸಾಲಾಗಿ ನಿಂತ ಮಕ್ಕಳ ತಟ್ಟೆಗೆ ಹಾಕುವುದು. ಮೊದಲ ರಜೆಗೆ ಊರಿಗೆ ಬಂದಾಗ ತಾನೇ ಕೈಹಾಕಿ ಬೇಯಿಸಿದ ಒಂದು ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಗ್ರಹಚಾರಕ್ಕೆ ಅದೇ ವರ್ಷ ಅಪ್ಪನ ಅಣ್ಣ ಪೆರಿಯಣ್ಣನ್ ತೀರಿಕೊಂಡಿದ್ದ. ಕೊನೆಯ ವಾರ ಅವನು ತಿಂದದ್ದು ಬ್ರೆಡ್ಡೇ. ಅಪ್ಪ ಬಾಗಿಲಲ್ಲೇ ಅಡ್ಡ ನಿಂತರಂತೆ.

"ಯಾರ್ಗೆ ಒಡಂಬು ಸರಿಯಿಲ್ಲ ಅಂತ ಇದ್ನ ತಂದೆ? ಒಬ್ಬುನ್ನ ಕಳ್ಸಿದ್ದು ಸಾಲ್ದಾ?"

ಕಿತ್ತುಕೊಂಡು ಹೋಗಿ ಹಸುವಿನ ಮುಂದೆ ಹಾಕಿದರು. ಅತ್ತೆ ಬಟ್ಟೆಯನ್ನು ಕೊಡವಿ ಮಡಚಿ ಚೀಲಕ್ಕಿಟ್ಟುಕೊಂಡಳು. ಆಮೇಲೆ ಪ್ರತಿ ರಜೆಗೂ ಕ್ಯಾರೆಟ್ಟು ತಂದಳು, ಪೇರ್ ಹಣ್ಣು ತಂದಳು, ನಮಗೆಲ್ಲ ಉಲ್ಲನ್ ಟೋಪಿ ತಂದಳು. ಬ್ರೆಡ್ಡು ತರಲಿಲ್ಲ. ಯಾರ್ಯಾರದೋ ಮಕ್ಕಳೆಲ್ಲ ಅವಳ ಕೈಯ ತಿಂಡಿ ತಿಂದು ದೊಡ್ಡವರಾದರು. ಅವಳು ಇಡೀ ಜೀವಮಾನ ಮಾಡಿದ ಕೆಲಸದ ರುಚಿ ಹುಟ್ಟಿದ ಮನೆಯವರಿಗೆ ಒಬ್ಬರಿಗೂ ಗೊತ್ತಿರಲಿಲ್ಲ. ನೆನೆದರೆ ಈಗಲೂ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ.

ತೊಂಬತ್ತೆಂಟರಲ್ಲಿ, ನನಗಿನ್ನೂ ಮದುವೆಯಾಗುವ ಮೊದಲು, ಮಂಡಿ ನೋವು ತಡೆಯಲಾರದೆ ಅತ್ತೆ ಬೆಟ್ಟ ಇಳಿದು ನಮ್ಮ ಮನೆಗೇ ಬಂದಳು. ಸಣ್ಣ ಜೀವ, ಕಾಲಿಗೆ ಕ್ಯಾನ್ವಾಸ್ ಶೂ, ಕಂಬಂ ಬಿಸಿಲಲ್ಲೂ ಹೆಗಲ ಮೇಲೊಂದು ಸ್ವೆಟರ್. ಅವಳಿಗೂ ನನ್ನ ಅವ್ವ ಓಚ್ಚಮ್ಮಾಳಿಗೂ ಅಡುಗೆಮನೆಯಲ್ಲಿ ದಿನಾ ಗಡಿ ಜಗಳ. ಅವ್ವ ಬೆಣ್ಣೆ ತೆಗೆಯುವುದರಲ್ಲಿ ಎತ್ತಿದ ಕೈ. ಅಪ್ಪನಿಗೆ ಬೆಳಿಗ್ಗೆ ರಾಗಿ ಕಳಿಯ ಮುದ್ದೆಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟು, ಅದು ಕರಗಿ ಇಳಿಯುವುದನ್ನು ನೋಡುತ್ತ ಕೂರುವುದೇ ಅವಳ ಸುಖ. ಅತ್ತೆ ಅದನ್ನು ಕಂಡು ಮೂಗು ಮುರಿಯುವಳು. "ಅಯ್ಯೋ ಮದಿನೀ, ಇದು ನಾಲ್ಕು ಮಕ್ಳಿಗೆ ಸವರೋ ಬೆಣ್ಣೆ" ಅನ್ನುವಳು. ಅವ್ವ ಇನ್ನೊಂದು ಚಿಟಿಕೆ ಬೆಣ್ಣೆ ಬೇಕೆಂತಲೇ ಇಡುವಳು.

ಆ ವರ್ಷ ದ್ರಾಕ್ಷಿ ಕೊಯ್ಲಿಗೆ ಮುಂಚೆ ಅಪ್ಪ ತೋಟದ ಚಪ್ಪರದ ಕೆಳಗೆ ಎದೆ ಹಿಡಿದುಕೊಂಡು ಕೂತರು. ನನ್ನ ಅಣ್ಣ ಮನೋಜ್‌ಕುಮಾರ್ ವ್ಯಾನು ಮಾಡಿಕೊಂಡು ತೇನಿಯ ಆಸ್ಪತ್ರೆಗೆ ಸೇರಿಸಿದ. ದೇವರ ದಯೆ, ಜೀವ ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದರು. ಬೆಣ್ಣೆ ತುಪ್ಪ ತೆಂಗಿನಕಾಯಿ ಬೇಡ, ಸಿಹಿ ಬೇಡ, ಉಪ್ಪು ಕಡಿಮೆ. ಆದರೆ ಹೊಟ್ಟೆಗೆ ಚೆನ್ನಾಗಿ ತಿನ್ನಬೇಕು, ದಿನಾ ಒಂದಿಷ್ಟು ನಡೆಯಬೇಕು. ತಿನ್ನದೆ ಮಲಗಿಬಿಟ್ಟರೆ ತಾನು ಏನೂ ಮಾಡಲಾರೆ ಅಂದರು.

ಮನೆಗೆ ಬಂದು ನೋಡಿದರೆ ಬ್ರೆಡ್ಡಿನ ಜಾತ್ರೆ. ಪೆರಿಯಕುಳಂ ನೆಂಟರು, ವೇದಸಂದೂರು ಬೀಗರು, ಬೀದಿಯವರು, ತೋಟದವರು, ಎಲ್ಲರೂ ಕಂಕುಳಲ್ಲಿ ಬ್ರೆಡ್ಡಿನ ಪೊಟ್ಟಣ ಇಟ್ಟುಕೊಂಡೇ ನೋಡಲು ಬಂದರು. ಅಪ್ಪ ಮಲಗಿದ್ದ ಕೋಣೆಯ ಮೇಜಿನ ಮೇಲೆ ಜಾಗ ಸಾಲದೆ ಬೀರುವಿನ ಮೇಲೂ ಜೋಡಿಸಿಟ್ಟೆವು. ಎಂಥ ದಡ್ಡರು ನಾವು! ಅಪ್ಪ ಒಂದು ಸಲ ಆ ರಾಶಿಯನ್ನು ಕಣ್ಣೆತ್ತಿ ನೋಡಿದರು, ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಈ ಕಡೆ ತಿರುಗಲಿಲ್ಲ.

ಇದರಲ್ಲಿ ಇನ್ನೊಂದು ಪೇಚು. ರೋಗಿಗೆಂದು ತಂದ ಬ್ರೆಡ್ಡನ್ನು ಮನೆಯಿಂದ ಆಚೆ ಕೊಡಬಾರದು, ದನಕ್ಕೆ ಹಾಕಬಾರದು, ಎಸೆಯಲೂಬಾರದು ಅಂತ ನಮ್ಮ ಅಜ್ಜಿ ಮಾಡಿಟ್ಟುಹೋದ ಕಟ್ಟಳೆ. ಪೆರಿಯಣ್ಣನ್ ಸತ್ತಾಗ ಉಳಿದದ್ದನ್ನು ಎಸೆದದ್ದಕ್ಕೇ ಮನೆಗೆ ಒಳ್ಳೆಯದಾಗಲಿಲ್ಲ ಅಂತ ಅವಳ ನಂಬಿಕೆ. ಎಲ್ಲವೂ ಆ ಹೊಸ್ತಿಲೊಳಗೇ ತೀರಬೇಕು. ನಾನು ಕಾಲುವೆಗೆ ಹಾಕಿಬರುತ್ತೇನೆ ಅಂತ ಎತ್ತಿಕೊಂಡರೆ ಅವ್ವ ಹೋ ಎಂದು ಅತ್ತಳು.

"ನಿಮ್ಮಪ್ಪನ ಆಯುಸ್ಸ ಎಸೀತೀಯಾ, ಜನನೀ?"

ಅತ್ತೆ ಬಂದು ನನ್ನ ಕೈಯಿಂದ ಪೊಟ್ಟಣಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಕಾಗದ ಬಿಡಿಸಿ ಮೂಸಿದಳು, ಹೆಬ್ಬೆರಳಲ್ಲಿ ಒತ್ತಿ ನೋಡಿದಳು. "ಸಕ್ಕರೆ ಜಾಸ್ತಿ ಆಕವ್ರೆ. ಪರವಾಯಿಲ್ಲ, ತೆಳ್ಳಗೆ ಕುಯ್ದು ಚೆನ್ನಾಗ್ ಸುಟ್ರೆ ಆಯ್ತದೆ. ಮೇಲೆ ಏನ್ ಆಕ್ತೀವೋ ಅದೇ ಮುಖ್ಯ" ಅಂದಳು. ನಾವು ತಿನ್ನುವುದಷ್ಟೇ ಅಲ್ಲ, ತಂಬಿಗೂ, ಅಂದರೆ ಅಪ್ಪನಿಗೂ, ಇದನ್ನೇ ತಿನ್ನಿಸುತ್ತೇನೆ ಅಂತ ಅವಳು ಆಗಲೇ ತೀರ್ಮಾನ ಮಾಡಿದ್ದಳು ಅನ್ನಿಸುತ್ತದೆ. ಕಳಿ, ಗಂಜಿ, ಇಡ್ಲಿ ಯಾವುದಕ್ಕೂ ಅವರು ಬಾಯಿ ತೆರೆಯುತ್ತಿರಲಿಲ್ಲವಲ್ಲ.

ಈ ಮೇಲೆ ಹಾಕುವ ಸಂಗತಿ ಶುರುವಾಯಿತು ನೋಡಿ, ಮನೆಯೆಲ್ಲ ರಣರಂಗ. ಅಣ್ಣ ಮೊದಲು ತೇನಿಯಿಂದ ಒಂದು ಡಬ್ಬಿ ತಂದ, ಗಿಡದ ಎಣ್ಣೆಯಿಂದ ಮಾಡಿದ ಬೆಣ್ಣೆ, ಹಸುವಿನದಲ್ಲ, ಆದ್ದರಿಂದ ಹೃದಯಕ್ಕೆ ಒಳ್ಳೆಯದು ಅಂತ ಭಾಷಣ ಮಾಡಿದ. ಅತ್ತೆ ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿ, "ಇದು ಗಟ್ಟಿ ಮಾಡಿದ ಎಣ್ಣೆ ಕಣ್ಡಾ, ವನಸ್ಪತಿಗೆ ಅರಿಶಿನ ಬಳ್ದವ್ರೆ, ಗಾಡಿ ಅಚ್ಚಿಗೆ ಆಕು ಓಗು" ಅಂದಳು. ಬೀಗರು ಕೊಟ್ಟ ಕೆಂಪು ಜಾಮಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟಳು. ಸಕ್ಕರೆ ತೆಗೆದರೆ ಇದರಲ್ಲಿ ಬಣ್ಣ ಬಿಟ್ಟು ಏನೂ ಉಳಿಯುವುದಿಲ್ಲವಂತೆ.

ಆಮೇಲೆ ತನ್ನ ಪ್ರಯೋಗ. ಬೆಟ್ಟದ ಇಳಿಜಾರಿನ ಸಂತೆಯಿಂದ ಬೆಣ್ಣೆಹಣ್ಣು ತರಿಸಿದಳು. ಅದರ ಹಸಿರು ತಿರುಳನ್ನು ನಿಂಬೆರಸ, ಮೆಣಸು ಹಾಕಿ ಹಿಸುಕಿ ಟೋಸ್ಟಿನ ಮೇಲೆ ಸವರಿದಳು. ಅವ್ವ ಅದನ್ನು ಕಂಡು ಹಸು ಮೆಲುಕು ಹಾಕಿ ಉಗುಳಿದ ಹಾಗಿದೆ ಅಂದಳು, ಸುಳ್ಳೇನೂ ಅಲ್ಲ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತೂಗುಹಾಕಿ, ಗಟ್ಟಿಯಾದದ್ದಕ್ಕೆ ಬೆಳ್ಳುಳ್ಳಿ, ಕೊತ್ತಂಬರಿ ಸೇರಿಸಿದಳು. ಇದು ನನಗೆ ಬಹಳ ಹಿಡಿಸಿತು. ಬೇಯಿಸಿದ ಮೊಚ್ಚೆಕಾಳನ್ನು, ಅಂದರೆ ಅವರೆಕಾಳನ್ನು, ಜೀರಿಗೆಯೊಡನೆ ಅರೆದಳು, ಅದನ್ನು ತಿಂದು ಅಣ್ಣ ಹೊಟ್ಟೆ ಉಬ್ಬರಿಸಿಕೊಂಡ. ಕಡೆಗೆ ಕಡಲೆಕಾಯಿ ಬೀಜ. ಹುರಿದು, ಸಿಪ್ಪೆ ಊದಿ, ಒರಳಲ್ಲಿ ಹಾಕಿ ಅದರ ಎಣ್ಣೆ ಅದೇ ಬಿಡುವ ತನಕ ಅರೆದರೆ ಸಾಕು, ಸಕ್ಕರೆ ಬೇಡ, ಬೇರೆ ಎಣ್ಣೆ ಬೇಡ, ಒಂದೆಸಳು ಕರಿಬೇವು, ಒಂದು ಒಣಮೆಣಸು. ಆದರೂ ಎಣ್ಣೆಕಾಳಲ್ಲವೇ ಅಂತ ಅತ್ತೆಗೆ ಅನುಮಾನ. ನನ್ನನ್ನು ಕರೆದುಕೊಂಡು ತೇನಿಗೆ ಹೋಗಿ ಡಾಕ್ಟರನ್ನೇ ಕೇಳಿದಳು. ಅವರು ತೆಳ್ಳಗೆ ಸವರಿದರೆ ಧಾರಾಳವಾಗಿ ತಿನ್ನಲಿ, ಬೆಣ್ಣೆಗಿಂತ ಎಷ್ಟೋ ವಾಸಿ ಅಂದರು. ಬಸ್ಸಿನಲ್ಲಿ ಬರುವಾಗ ಅತ್ತೆ ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಕೂತಿದ್ದಳು.

ಆದರೆ ಅಪ್ಪ? ತಟ್ಟೆ ಒಳಗೆ ಹೋಗುವುದು, ಹಾಗೇ ಹೊರಗೆ ಬರುವುದು. ಬಲವಂತಕ್ಕೆ ಎರಡು ಗುಟುಕು ಗಂಜಿ. ಕಾಲು ಕಡ್ಡಿಯಾದವು, ಕೆನ್ನೆ ಒಳಗೆ ಹೋಯಿತು. ಹೀಗೇ ಆದರೆ ಇವರು ಎದೆನೋವಿನಿಂದಲ್ಲ, ಹಸಿವಿನಿಂದ ಹೋಗುತ್ತಾರೆ ಅಂತ ನನಗೆ ನಡುಕ ಹುಟ್ಟಿತು. ಹೆದರಿಕೆಯಾದರೆ ನನಗೆ ಬರುವುದು ಅಳುವಲ್ಲ, ಸಿಟ್ಟು. ಒಂದು ಬೆಳಿಗ್ಗೆ ತಟ್ಟೆಯನ್ನು ಟಣ್ ಎಂದು ಕೆಳಗಿಟ್ಟು ಕೂಗಾಡಿಬಿಟ್ಟೆ.

"ಯಾಕಪ್ಪಾ ಹಿಂಗ್ ಮಾಡ್ತೀಯಾ? ಡಾಕ್ಟರ್ ಚೆನ್ನಾಗಾಯ್ತೀಯಾ ಅಂತ ಹೇಳಿಲ್ವಾ? ಯಾರ ಮೇಲೆ ಈ ಹಟ?"

ಅಪ್ಪ ಗೋಡೆಗೇ ಹೇಳಿದರು. "ಪೆರಿಯಣ್ಣನ್‌ಗೆ ಬ್ರೆಡ್ ಬಂತು, ಓದ. ನಿಮ್ಮಜ್ಜಿಗೆ ಬಂತು, ಓದ್ಲು. ಈಗ ನಂಗೆ ಬಂದೈತೆ, ಬೀರು ತುಂಬಾ ಬಂದೈತೆ. ಊರ್ಗೆಲ್ಲಾ ಗೊತ್ತಾಗೋಗೈತೆ. ನೀವ್ ಮಾತ್ರ ನಂಗೆ ಸುಳ್ ಯೇಳ್ತಾ ಇದೀರಿ."

ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಹಸುವಿನ ಮುಂದೆ ಬಿದ್ದ ಆ ಹಳೆಯ ಬ್ರೆಡ್ಡಿನ ಅರ್ಥ ಅವಳಿಗೆ ಆವತ್ತು ಆಯಿತೋ ಏನೋ. ತಮ್ಮ ತನ್ನನ್ನು ಹೀಗಳೆದದ್ದಲ್ಲ, ಅವನಿಗೆ ಭಯವಾಗಿತ್ತು ಅಷ್ಟೆ. ಅವಳು ಸೆರಗಲ್ಲಿ ಮುಖ ಒರೆಸಿಕೊಂಡು, "ಜನನೀ, ಈ ಮನ್ಯಾಗೆ ಚೆನ್ನಾಗಿರೋರು ಯಾರೂ ಬ್ರೆಡ್ ತಿಂದಿದ್ದ ಅವ್ನು ಕಂಡೇ ಇಲ್ಲ. ನಾವೂ ಒಳಗೆ ಕೂತು ಕದ್ದು ತಿನ್ತಾ ಇದೀವಿ. ಒಲೇನ ಅಂಗ್ಳಕ್ಕೆ ತಗೊಂಡ್ ಬಾ" ಅಂದಳು.

ಮಾರನೆಯ ಬೆಳಿಗ್ಗೆ ಅಪ್ಪನ ಕಿಟಕಿಗೆ ನೇರವಾಗಿ ಹೊಸ್ತಿಲೊಳಗಿನ ಅಂಗಳದಲ್ಲಿ ಒಲೆ ಹೂಡಿದೆವು. ಅತ್ತೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಕಾವಲಿಯ ಮುಂದೆ ನಿಂತಳು. ಮಂಡಿ ನೋಯುವವಳು ಕೂರು ಅಂದರೂ ಕೂರಲಿಲ್ಲ, ಶಾಲೆಯಲ್ಲಿ ಕೂತು ಟೋಸ್ಟು ಮಾಡಿದ್ದಿಲ್ಲವಂತೆ. ದ್ರಾಕ್ಷಿ ತೋಟದ ಕೆಲಸಕ್ಕೆ ಹೊರಟಿದ್ದ ಮಾರಿಯಮ್ಮಾಳನ್ನೂ ಅವಳ ಜೊತೆಯವರನ್ನೂ ಹೊಸ್ತಿಲೊಳಕ್ಕೆ ಕರೆದು ಕೂರಿಸಿದೆವು. ಮಾರಿಯಮ್ಮಾಳ್ ನಮ್ಮ ತೋಟದಲ್ಲಿ ಅಪ್ಪನಿಗೆ ಎದುರುತ್ತರ ಕೊಡುವ ಏಕೈಕ ಹೆಂಗಸು. ಅವಳೇ ಬ್ರೆಡ್ಡು ನೋಡಿ ಹಿಂದೆ ಸರಿದಳು.

"ನಂಗೇನ್ ಕಾಯಿಲೆ? ನಾನು ಚೆನ್ನಾಗೇ ಇದೀನಿ" ಎಂದು ತಮಿಳಿನಲ್ಲಿ ಅಂದಳು.

"ಚೆನ್ನಾಗಿರೋದ್ಕೇ ಕೊಡ್ತಾ ಇರೋದು" ಅಂದಳು ಅತ್ತೆ. ಮೊದಲು ತಾನೇ ಒಂದನ್ನು ಕರುಕುರು ಕಡಿದು ತಿಂದು ತೋರಿಸಿದಳು. ಆಮೇಲೆ ನಾನು, ಆಮೇಲೆ ಅವ್ವ ಕಣ್ಣುಮುಚ್ಚಿಕೊಂಡು ಔಷಧಿ ಕುಡಿದ ಹಾಗೆ. ಮಾರಿಯಮ್ಮಾಳ್ ಕಡಲೆಕಾಯಿಯದನ್ನು ಒಂದು ಚೂರು ಮುರಿದಳು, ಇನ್ನೊಂದು ಚೂರು ಮುರಿದಳು, ಆಮೇಲೆ ಇಡೀದನ್ನೇ ಕೈಗೆ ತೆಗೆದುಕೊಂಡಳು.

ಹೀಗೆ ಕೆಲವು ದಿನ ನಡೆಯಿತು. ಇದ್ದದ್ದು ತೀರುವಷ್ಟರಲ್ಲಿ ಇನ್ಯಾರೋ ನೆಂಟರು ಹೊಸ ಪೊಟ್ಟಣ ತರುತ್ತಿದ್ದರು. ಕೆಲಸದವರು ಬೆಳಿಗ್ಗೆ ಬಂದು ತಾವಾಗಿಯೇ ಒಲೆಯ ಸುತ್ತ ಕೂರತೊಡಗಿದರು. ಒಬ್ಬಳಿಗೆ ಮೊಸರಿನದು ಬೇಕು, ಒಬ್ಬಳಿಗೆ ಟೊಮೇಟೊ ಹೆಚ್ಚಿ ಮೇಲೆ ಮೆಣಸು ಉದುರಿಸಿದ್ದು ಬೇಕು. ಬೆಣ್ಣೆಹಣ್ಣಿಗೂ ಒಬ್ಬ ಅಭಿಮಾನಿ ಸಿಕ್ಕಿದ. ಅಂಗಳ ತುಂಬ ಮಾತು, ನಗು. ನಾನು ಕದ್ದು ನೋಡಿದೆ, ಅಪ್ಪ ಇತ್ತ ತಿರುಗಿದ್ದರು. ದಿಂಬಿನ ಮೇಲೆ ತಲೆ ಎತ್ತರಿಸಿ, ಬ್ರೆಡ್ಡು ತಿಂದು ಹಲ್ಲು ಕಿಸಿಯುತ್ತ ತೋಟಕ್ಕೆ ಹೋಗುವವರನ್ನು ಒಬ್ಬೊಬ್ಬರನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಮಾರನೆಯ ದಿನ ಅವರೆಲ್ಲ ಮತ್ತೆ ಬರುತ್ತಾರೋ ಇಲ್ಲವೋ ಅಂತ ಎಣಿಸುತ್ತಿದ್ದರು ಅನ್ನಿಸುತ್ತದೆ. ಎಲ್ಲರೂ ಬಂದರು.

ಒಂದು ದಿನ ಅತ್ತೆ ಬೀಜ ಹುರಿಯುತ್ತ ಮಾರಿಯಮ್ಮಾಳ ಜೊತೆ ಮಾತಿಗೆ ಬಿದ್ದಿದ್ದಳು. ಒಳಗಿನಿಂದ ಗೊಗ್ಗರು ಧ್ವನಿ ಬಂತು.

"ಅಕ್ಕಾ! ಬೀಜ ಸೀಯ್ತಾ ಐತೆ!"

ಅತ್ತೆ ಕಾವಲಿ ಇಳಿಸಿ, "ಸೀದ್ರೆ ಸೀಲಿ. ಅಷ್ಟ್ ಗೊತ್ತಿದ್ರೆ ಬಂದು ನೀನೇ ಬೀಜ ಉರಿ" ಅಂದಳು. ಸ್ವಲ್ಪ ಹೊತ್ತಿಗೆ ಅಪ್ಪ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಅಣ್ಣ ಓಡಿ ಹೋಗಿ ಮರದ ಕುರ್ಚಿ ಹಾಕಿದ. ಅಪ್ಪ ಕೂತು, ಎಲ್ಲರನ್ನೂ ಒಮ್ಮೆ ನೋಡಿ, ತೋಟದ ಯಜಮಾನನ ಗತ್ತಿನಲ್ಲೇ ಕೇಳಿದರು.

"ನಂಗೂ ಒಂದ್ ಕೊಡು. ಬೆಣ್ಣೆ ಆಕಿ."

ಅವ್ವ ಅಷ್ಟರಲ್ಲೇ ಒಳಗೆ ಓಡಿ ಬೆಣ್ಣೆಯ ಉಂಡೆ ಹಿಡಿದು ಬಂದುಬಿಟ್ಟಿದ್ದಳು. ಅವಳ ಕಣ್ಣಲ್ಲಿ ನೀರು. ಇಷ್ಟು ದಿನಕ್ಕೆ ಗಂಡ ಬಾಯಿಬಿಟ್ಟು ತಿನ್ನಲು ಕೇಳಿದ್ದಾನೆ, ಕೊಡದಿರಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಬೇಡವೆಂದರೆ ಎದ್ದು ಹೋಗಿ ಮತ್ತೆ ಗೋಡೆಗೆ ತಿರುಗಿದರೆ?

ಅತ್ತೆ ಅವ್ವನ ಕೈ ಹಿಡಿದುಕೊಂಡಳು. ಅಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ತಂಬೀ, ನೀ ಅವತ್ತು ಬಸ್ಸಲ್ಲಿ ಕೊಟ್ಟ ಬೆಣ್ಣೆ ರುಚಿ ಇನ್ನೂ ನನ್ನ ನಾಲ್ಗೇಲಿ ಐತೆ. ನಿಂಗೆ ಕೊಡಕ್ಕೆ ನಂಗೆ ಆಸೆ ಇಲ್ವಾ? ಆದ್ರೆ ಅದು ನಿನ್ನ ಎದೆಗೆ ಕೂತ್ಕೊಳ್ತದೆ. ನಂಗೆ ನೀ ಬೇಕು. ಇದ್ನ ತಿನ್ನು. ಒಂದ್ ಸಲ ಅಕ್ಕನ ಕೈಯ್ದು ತಿಂದು ನೋಡು."

ತೆಳ್ಳಗೆ ಕೊಯ್ದು ಕೆಂಪಗೆ ಸುಟ್ಟ ಒಂದು ತುಂಡು, ಅದರ ಮೇಲೆ ಸ್ವಲ್ಪ ಸೀದ ಕಡಲೆಕಾಯಿ ಅರೆದು ಸವರಿದ್ದು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಡಿದರು. ಅಷ್ಟು ಜನರ ನಡುವೆ ಅವರು ಜಗಿಯುವ ಸದ್ದು ನನಗೆ ಕೇಳಿಸಿತು. ಮುಗಿಸಿ, ಬೆರಳಿಗಂಟಿದ್ದನ್ನು ನೆಕ್ಕಿದರು.

"ಇದ್ನಾ ಅಕ್ಕಾ, ನಾನು ಅಸೂಗೆ ಆಕಿದ್ದು?"

"ಅದೇ."

"ಅಸು ಚೆನ್ನಾಗ್ ತಿಂತು ಅವತ್ತು" ಅಂದರು ಅಪ್ಪ. ಆಮೇಲೆ ತಲೆ ತಗ್ಗಿಸಿಕೊಂಡು, "ಇನ್ನೊಂದ್ ಕೊಡು" ಅಂದರು.

ಅತ್ತೆ ಇನ್ನೊಂದನ್ನು ಕೊಟ್ಟಳು. ಕಾವಲಿ ತೊಳೆಯಬೇಕು ಅಂತ ಹಿತ್ತಿಲಿಗೆ ಹೋದಳು. ಕಾವಲಿ ಒಲೆಯ ಪಕ್ಕದಲ್ಲೇ ಇತ್ತು. ಅವ್ವ ಬೆಣ್ಣೆಯ ಉಂಡೆಯನ್ನು ಅಲ್ಲೇ ಇಟ್ಟು ಅವಳ ಹಿಂದೆಯೇ ಹೋದಳು. ಅಡುಗೆಮನೆಯ ಗಡಿ ಜಗಳ ಆಮೇಲೂ ನಡೆಯಿತು, ಮೊದಲಿನ ಕಾವು ಇರಲಿಲ್ಲ.

ಅಪ್ಪ ಮೊದಲು ಅಂಗಳದಲ್ಲಿ, ಆಮೇಲೆ ಬೀದಿ ತುದಿಯ ತನಕ, ಕೊಯ್ಲಿನ ಹೊತ್ತಿಗೆ ತೋಟದ ತನಕ ನಡೆದರು. ಬ್ರೆಡ್ಡೆಲ್ಲ ಅಜ್ಜಿಯ ಕಟ್ಟಳೆಯಂತೆ ಹೊಸ್ತಿಲೊಳಗೇ ತೀರಿತು. ತೀರಿದ ಮೇಲೆ ಅಪ್ಪ ಕಳಿಗೇ ಮರಳಿದರು, ಮೇಲೆ ಬೆಣ್ಣೆಯ ಬದಲು ಅತ್ತೆಯ ಕಡಲೆಕಾಯಿ. ವಾರಕ್ಕೊಂದು ದಿನ ಮಾತ್ರ ಟೋಸ್ಟು ಬೇಕೇಬೇಕು ಅನ್ನುವರು.

ಮುಂದಿನ ಮಾರ್ಗಳಿ ತಿಂಗಳ ಚಳಿಯಲ್ಲಿ ಅತ್ತೆಗೆ ಜ್ವರ ಬಂತು. ಅಂಥದ್ದೇನಲ್ಲ, ಆದರೂ ಆ ಸಣ್ಣ ಜೀವ ಸ್ವೆಟರ್ ಹೊದ್ದು ಮುದುರಿ ಮಲಗಿದ್ದನ್ನು ನೋಡಿ ಎಲ್ಲರಿಗೂ ಸಂಕಟ. ನೆಂಟರು ಬಂದರು. ನಮ್ಮ ಮನೆಯ ಕತೆ ಅಷ್ಟು ಹೊತ್ತಿಗೆ ಕಣಿವೆಯೆಲ್ಲ ಹರಡಿದ್ದರಿಂದ ಒಬ್ಬರೂ ಬ್ರೆಡ್ಡು ತರುವ ಧೈರ್ಯ ಮಾಡಲಿಲ್ಲ, ಕಿತ್ತಳೆ ಹಣ್ಣು ಇಟ್ಟುಹೋದರು. ಬೆಳಿಗ್ಗೆ ಅಪ್ಪ ಯಾರಿಗೂ ಹೇಳದೆ ಪೇಟೆಗೆ ಹೋಗಿ ಬಂದರು. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಜೀವಮಾನದಲ್ಲಿ ಮೊದಲ ಸಲ ಬೇಕರಿಯ ಮೆಟ್ಟಿಲು ಹತ್ತಿದ್ದರು. ಒಲೆ ತಾವೇ ಹಚ್ಚಿದರು, ನಮ್ಮನ್ನು ಹತ್ತಿರ ಬಿಡಲಿಲ್ಲ. ಒಂದು ಕಡೆ ಕರಕಾಗಿ ಇನ್ನೊಂದು ಕಡೆ ಬೆಳ್ಳಗೇ ಉಳಿದ ಟೋಸ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಅವಳ ಮಂಚದ ಪಕ್ಕ ನಿಂತರು.

"ಅಕ್ಕಾ, ಮೇಲೆ ಏನ್ ಆಕ್ಲಿ?"

ಅತ್ತೆ ಕಣ್ಣು ತೆರೆದು ತಟ್ಟೆ ನೋಡಿದಳು, ತಮ್ಮನನ್ನು ನೋಡಿದಳು. "ನನ್ನ ಎದೆಗೇನ್ ಆಗೈತೆ?" ಅಂದಳು. "ಬೆಣ್ಣೆ ಆಕು. ತೆಳ್ಳಗೆ."

ಅವ್ವ ಬೆಣ್ಣೆಯ ಬಟ್ಟಲು ಕೊಟ್ಟಳು. ಅಪ್ಪ ಚಾಕು ಬಿಟ್ಟು ಬೆರಳಲ್ಲೇ ಸವರಿದರು, ತೆಳ್ಳಗೂ ಅಲ್ಲ. ಅತ್ತೆ ಎದ್ದು ಕೂತು ಕೊನೆಯ ಚೂರಿನ ತನಕ ತಿನ್ನುವುದನ್ನು ನೋಡುತ್ತ ಅಲ್ಲೇ ನಿಂತಿದ್ದು, ಬೆಣ್ಣೆ ಅಂಟಿದ್ದ ತಮ್ಮ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಒಂದಿಷ್ಟೂ ನೆಕ್ಕಲಿಲ್ಲ.